ಒಡ್ಡಿನ ಮೇಲೊಂದು ಪದವಿ

ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಎರೆ ಹೊಲದಲ್ಲಿ 50 ಮಿಲಿಮೀಟರ್ ಮಳೆಯಾಯಿತು ಅಂದರೆ ಎಕರೆಗೆ ಎರಡು ಲಕ್ಷ ಲೀಟರ್ ನೀರು ಬಿತ್ತು ಅಂತ ಲೆಕ್ಕ. ಸೆಪ್ಟೆಂಬರಿನಲ್ಲಿ ಇಂಥ ಮಳೆ ಒಮ್ಮೊಮ್ಮೆ ಒಂದೆರಡು ತಾಸಿನಲ್ಲೇ ಸುರಿದು ಮುಗಿಯುತ್ತದೆ. ಎರೆ ಮಣ್ಣು ಮೊದಲು ಬಿರುಕುಗಳ ತುಂಬ ನೀರು ಕುಡಿಯುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅದಾದ ಮೇಲೆ ಬಿದ್ದ ನೀರಿಗೆ ಇಳಿಯಲು ದಾರಿಯಿಲ್ಲ. ಇಳಿಜಾರು ಸಿಕ್ಕ ಕಡೆ ಹರಿಯಲೇಬೇಕು. ಹರಿಯುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಎಕರೆಯಿಂದ ಒಂದೇ ಮಿಲಿಮೀಟರ್ ದಪ್ಪದ ಮೇಲ್ಮಣ್ಣು ಕೊಚ್ಚಿಹೋದರೂ ಐದು ಟನ್ ಮಣ್ಣು ಹಳ್ಳ ಸೇರಿತು. ಕಣ್ಣಿಗೆ ಮಾತ್ರ ಹೊಲ ನಿನ್ನೆ ಇದ್ದ ಹಾಗೇ ಕಾಣುತ್ತದೆ.

ಈ ಭಾಗದ ಹಿರಿಯರು ಇದಕ್ಕೆ ಹೂಡಿದ ಉಪಾಯ ಇಂದಿಗೂ ಹೊಲಗಳಲ್ಲಿ ನೋಡಸಿಗುತ್ತದೆ. ಹೊಲದ ತಗ್ಗಿನ ಬದಿಗೆ ಗಟ್ಟಿಮುಟ್ಟಾದ ಒಡ್ಡು. ಒಡ್ಡಿನ ಒಂದು ಕಡೆ ಕಲ್ಲಿನಲ್ಲಿ ಕಟ್ಟಿದ ಕೋಡಿ. ಕೋಡಿಯ ಬಾಯಿ ಹೊಲದ ಮಟ್ಟಕ್ಕಿಂತ ತುಸು ಎತ್ತರದಲ್ಲಿರುತ್ತದೆ. ಬಂದ ನೀರು ಅಲ್ಲಿಯವರೆಗೆ ನಿಲ್ಲಬೇಕು, ಹೊತ್ತು ತಂದ ಮಣ್ಣನ್ನು ಇಳಿಸಬೇಕು, ಹೆಚ್ಚಾದದ್ದಷ್ಟೇ ಕಲ್ಲಿನ ಮೇಲೆ ಹಾಯ್ದು ಕೆಳಗಿನ ಹೊಲಕ್ಕೆ ಬೀಳಬೇಕು. ಬೀಳುವ ಜಾಗದಲ್ಲಿ ಕಲ್ಲು ಹಾಸಿರುವುದರಿಂದ ಕೊರಕಲು ಏಳುವುದಿಲ್ಲ. ವರ್ಷಗಳು ಕಳೆದು ಒಡ್ಡಿನ ಹಿಂದೆ ಮಣ್ಣು ತುಂಬಿ ಹೊಲ ಸಮನಾದಂತೆಲ್ಲ ಕೋಡಿಗೆ ಇನ್ನೊಂದು ವರಸೆ ಕಲ್ಲು ಏರುತ್ತದೆ. ಹುನಗುಂದದ ನಾಗರಾಳ ಮನೆತನ ಈ ಬಗೆಯ ಒಡ್ಡಿನ ಒಕ್ಕಲುತನಕ್ಕೆ ನಾಡಿನಲ್ಲೇ ಹೆಸರಾಗಿದೆ. ಕೃಷಿ ವಿಜ್ಞಾನಿಗಳೂ ಅವರ ಹೊಲಕ್ಕೆ ಬಂದು ನೋಡಿಕೊಂಡು ಹೋಗಿದ್ದಾರೆ.

ಪಿಯುಸಿ ವಿಜ್ಞಾನ ಮುಗಿಸಿದ ಹುಡುಗ ಹುಡುಗಿಯರ ಮುಂದೆ ‘ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ’ ಎಂದರೆ ಬಹುತೇಕರ ಕಣ್ಣಿಗೆ ಬರುವುದು ಬಂಡೀಪುರದ ಹುಲಿ, ಖಾಕಿ ಅಂಗಿ, ಜೀಪು. ಬಾಗಲಕೋಟೆಯಂಥ ಕಾಡು ವಿರಳವಾದ ಜಿಲ್ಲೆಯಲ್ಲಿ ಹಾಗೆ ನೋಡಿದರೆ ಈ ಓದು ನಮಗಲ್ಲ ಎನಿಸುವುದು ಸಹಜ. ಆದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುವ, ಆದರೂ ಸಾಕಷ್ಟು ಮಳೆ ಕಾಣದ ಈ ನೆಲದಲ್ಲಿ ಸಂರಕ್ಷಿಸಬೇಕಾದ ಸಂಪತ್ತು ಮಣ್ಣಿನಲ್ಲಿದೆ, ಕಾಲುವೆಯಲ್ಲಿದೆ, ಇಳಕಲ್ಲಿನ ಕಲ್ಲುಗಣಿಯಲ್ಲಿದೆ, ಬಾದಾಮಿಯ ಬಂಡೆಗಳ ಸಂದಿಯಲ್ಲಿದೆ. ಕೆಲಸವೂ ಅಲ್ಲೇ ಇದೆ. ಅದಕ್ಕೆ ತಕ್ಕ ಓದು ಯಾವುದು, ಓದಿದವರು ಎಲ್ಲಿಗೆ ಹೋಗುತ್ತಾರೆ ಎಂಬುದು ಮನೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಎಂಜಿನಿಯರಿಂಗ್ ಇಲ್ಲವೇ ನರ್ಸಿಂಗ್ ಎಂಬಲ್ಲಿಗೆ ಮಾತು ಮುಗಿದಿರುತ್ತದೆ.

ಅಸಲಿಗೆ ಈ ವಿದ್ಯೆಯ ಭಾರತೀಯ ಚರಿತ್ರೆಯಲ್ಲಿ ಹಳೆಯ ವಿಜಾಪುರ ಜಿಲ್ಲೆಗೆ ದೊಡ್ಡ ಜಾಗವಿದೆ. ಬಾಗಲಕೋಟೆ ಅದರಿಂದ ಬೇರೆಯಾದದ್ದು 1997ರಲ್ಲಿ. ಬರಗಾಲಗಳಿಂದ ಬೆಂದಿದ್ದ ಮುಂಬೈ ಪ್ರಾಂತದ ಈ ಭಾಗಕ್ಕಾಗಿ 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ತೆರೆದವು. ಸೊಲ್ಲಾಪುರದಲ್ಲಿ ದುಡಿದ ಎನ್.ವಿ. ಕಾನಿಟ್ಕರ್ ಅವರು ಮಳೆ, ಹರಿವು, ಮಣ್ಣಿನ ನಷ್ಟ ಎಲ್ಲವನ್ನೂ ಅಳೆದು ಬರೆದರು. ಒಣ ಬೇಸಾಯದ ಬಗ್ಗೆ ಅವರ ಗ್ರಂಥ 1944ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ, 1942ರಲ್ಲಿ, ಮುಂಬೈ ಸರ್ಕಾರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು ಹೊಲಗಳಲ್ಲಿ ಸಮಪಾತಳಿ ಒಡ್ಡು ಹಾಕಿಸುವ ಕೆಲಸ ಶುರುಮಾಡಿತು. ಆಚೆ ಅಮೆರಿಕದಲ್ಲಿ ಧೂಳಿನ ಬಿರುಗಾಳಿಗಳು ಹೊಲಗಳನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಹ್ಯೂ ಬೆನೆಟ್ ಎಂಬ ಮಣ್ಣು ವಿಜ್ಞಾನಿಯ ಒತ್ತಾಯಕ್ಕೆ ಅಲ್ಲಿ 1935ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಸರ್ಕಾರಿ ಸೇವೆ ಹುಟ್ಟಿತ್ತು. ಮಣ್ಣು ಉಳಿಸುವುದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಎಂಬ ಅರಿವು ಎರಡೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಬಂತು.

ಮುಂದೆ ಆದದ್ದು ಕುತೂಹಲದ ಕಥೆ. ಸರ್ಕಾರ ಹಾಕಿಸಿದ ಸಮಪಾತಳಿ ಒಡ್ಡುಗಳು ಮಸಾರಿ ನೆಲದಲ್ಲಿ ಚೆನ್ನಾಗಿ ನಿಂತವು, ಆಳವಾದ ಎರೆಯಲ್ಲಿ ಕೈಕೊಟ್ಟವು. ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಡುತ್ತಿತ್ತು. ಮಳೆಗಾಲದಲ್ಲಿ ಅದರ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ಬಿರುಕಿನೊಳಗೆ ನೀರು ಹೊಕ್ಕು ಒಡ್ಡು ಒಡೆದರೆ ಕೆಳಗಿನವನ ಹೊಲಕ್ಕೂ ಆಪತ್ತು. ಎಷ್ಟೋ ಕಡೆ ರೈತರೇ ಅವನ್ನು ಕೆಡವಿ ಹೊಲ ಮಾಡಿಕೊಂಡರು. ಎರೆ ನೆಲಕ್ಕೆ ನೀರು ನಿಲ್ಲಿಸುವ ಒಡ್ಡಿನಷ್ಟೇ ಹೆಚ್ಚಾದ ನೀರನ್ನು ಮೆಲ್ಲಗೆ ಸಾಗಹಾಕುವ ದಾರಿಯೂ ಮುಖ್ಯ ಎಂಬುದನ್ನು 1954ರಲ್ಲಿ ಆರಂಭವಾದ ಬಳ್ಳಾರಿಯ ಮಣ್ಣು ಸಂರಕ್ಷಣಾ ಕೇಂದ್ರದ ಪ್ರಯೋಗಗಳು ತೋರಿಸಿದವು. ಹುನಗುಂದದ ಕಲ್ಲುಕೋಡಿ ಮಾಡುತ್ತಿದ್ದುದೂ ಅದನ್ನೇ. ಪುಸ್ತಕ ದೊಡ್ಡದೋ ಅನುಭವ ದೊಡ್ಡದೋ ಎಂಬ ಹಳೆಯ ಜಗಳಕ್ಕೆ ಇಲ್ಲಿ ಇಳಿಯಬೇಕಾಗಿಲ್ಲ. ಕೋಡಿ ಯಾಕೆ ಕೆಲಸ ಮಾಡುತ್ತದೆ, ಎಷ್ಟು ಎಕರೆಯ ನೀರಿಗೆ ಎಷ್ಟು ಅಗಲದ ಕೋಡಿ ಬೇಕು, ಪಕ್ಕದ ತಾಲ್ಲೂಕಿನ ಮಡ್ಡಿ ನೆಲದಲ್ಲಿ ಅದೇ ಅಳತೆ ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ ಹೇಳಬಲ್ಲವರು ಬೇಕು. ವಿಶ್ವವಿದ್ಯಾಲಯ ಕಲಿಸುವುದು ಆ ಲೆಕ್ಕ.

ಕಲಿಯುವ ಜಾಗಗಳು ದೂರವೇನೂ ಇಲ್ಲ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದಲ್ಲೂ ಇದೆ; ಬಿ.ಎಸ್ಸಿ. ಕೃಷಿ ಮುಗಿಸಿ ಮಣ್ಣು ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವವರ ಹಾದಿ ಅಲ್ಲಿಂದ ಶುರು. ಅದೇ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ. ರಾಯಚೂರಿನ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣು ಮತ್ತು ನೀರಿನ ಎಂಜಿನಿಯರಿಂಗ್ ಪ್ರತ್ಯೇಕ ವಿಭಾಗ; ಒಡ್ಡು, ಚೆಕ್ ಡ್ಯಾಂ, ಬಸಿಗಾಲುವೆಗಳ ವಿನ್ಯಾಸ ಕಲಿಯಬೇಕೆನ್ನುವವರಿಗೆ ಹತ್ತಿರದ ಠಾವು ಅದೇ. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ, ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಭೂಮಾಹಿತಿ ವಿಜ್ಞಾನ. ಎಲ್ಲೂ ‘ಸಂರಕ್ಷಣೆ’ ಎಂಬ ಒಂದೇ ಬೋರ್ಡು ಹುಡುಕಬಾರದು. ಅದು ನಾಲ್ಕಾರು ಪದವಿಗಳ ನಡುವೆ ಹಂಚಿಹೋಗಿದೆ.

ಹಾಗಾದರೆ ನೌಕರಿ? ಜಲಾನಯನದಿಂದ ಶುರುಮಾಡಬಹುದು. ಕೇಂದ್ರ ಸರ್ಕಾರ 2008ರಲ್ಲಿ ಹೊರಡಿಸಿದ ಜಲಾನಯನ ಯೋಜನೆಗಳ ಸಾಮಾನ್ಯ ಮಾರ್ಗಸೂಚಿ ಒಂದು ಒಳ್ಳೆಯ ಕೆಲಸ ಮಾಡಿತು: ಪ್ರತಿ ಯೋಜನೆಗೂ ಒಂದು ತಂಡ ಇರಬೇಕು, ಅದರಲ್ಲಿ ಕೃಷಿ, ಮಣ್ಣು ವಿಜ್ಞಾನ, ನೀರಿನ ನಿರ್ವಹಣೆ ಬಲ್ಲವರ ಜೊತೆಗೆ ಜನರನ್ನು ಸಂಘಟಿಸಬಲ್ಲವರೂ ಇರಬೇಕು, ಒಬ್ಬರಾದರೂ ಮಹಿಳೆ ಇರಬೇಕು ಎಂದು ಬರೆಯಿತು. ಅಂದರೆ ಮಣ್ಣು ಪರೀಕ್ಷೆ ಬಲ್ಲ ಹುಡುಗಿ, ಸಮಾಜಕಾರ್ಯ ಓದಿದ ಹುಡುಗ, ಕೃಷಿ ಎಂಜಿನಿಯರು ಒಂದೇ ಜೀಪಿನಲ್ಲಿ ಊರಿಗೆ ಹೋಗುವ ವ್ಯವಸ್ಥೆ. ರಾಜ್ಯದ ಜಲಾನಯನ ಅಭಿವೃದ್ಧಿ ಇಲಾಖೆಯ ಕಾಮಗಾರಿ, ನಬಾರ್ಡ್ ನೆರವಿನ ಯೋಜನೆ, ಬೈಫ್, ಮೈರಾಡದಂಥ ಸಂಸ್ಥೆಗಳ ಕೆಲಸ, ಹುಬ್ಬಳ್ಳಿಯ ದೇಶಪಾಂಡೆ ಪ್ರತಿಷ್ಠಾನ ತೆಗೆಸಿದ ಕೃಷಿ ಹೊಂಡ, ಎಲ್ಲೆಡೆ ಬೇಕಾಗುವುದು ಇಂಥವರೇ.

ಜನರನ್ನು ಸಂಘಟಿಸುವ ಮಾತು ಕಾಗದದ ಅಲಂಕಾರ ಎಂದುಕೊಳ್ಳುವವರು ಒಮ್ಮೆ ರಾಮಥಾಳದ ಕಡೆ ಹೋಗಿ ಬರಬೇಕು.

ಹುನಗುಂದ ತಾಲ್ಲೂಕಿನ ರಾಮಥಾಳ (ಮರೋಳ) ಯೋಜನೆ ಸಮುದಾಯ ಹನಿ ನೀರಾವರಿಯ ಭಾರೀ ಪ್ರಯೋಗ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಸೋಸಿ, ನೆಲದೊಳಗಿನ ಕೊಳವೆಗಳಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿಹನಿಯಾಗಿ ಮುಟ್ಟಿಸುವುದು ಕೃಷ್ಣಾ ಭಾಗ್ಯ ಜಲ ನಿಗಮದ ಗುರಿಯಾಗಿತ್ತು. ಏಷ್ಯಾದಲ್ಲೇ ದೊಡ್ಡದು ಎಂಬ ಹೆಸರಿನೊಂದಿಗೆ 2017ರ ಸುಮಾರಿಗೆ ನೀರು ಹರಿಯತೊಡಗಿತು. ಕಾಲುವೆ ನೀರಾವರಿಗೆ ಹೋಲಿಸಿದರೆ ಇದರ ತರ್ಕ ಚೊಕ್ಕವಾಗಿದೆ. ಕಾಲುವೆಯ ಬುಡದ ರೈತ ಹೊಲ ತುಂಬ ನೀರು ನಿಲ್ಲಿಸುತ್ತಾನೆ, ಕೊನೆಯಂಚಿನವನಿಗೆ ಹನಿ ಸಿಗುವುದಿಲ್ಲ. ಜೊತೆಗೆ ಎರೆ ನೆಲಕ್ಕೆ ಹತ್ತಾರು ವರ್ಷ ನೀರು ಕುಡಿಸಿದರೆ ಸವಳು ಜವಳು ಎದ್ದು ಹೊಲ ಬೆಳ್ಳಗೆ ಉಪ್ಪು ಕಾರುತ್ತದೆ. ಕಬ್ಬಿನ ಮುಧೋಳ, ಜಮಖಂಡಿ ಭಾಗದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಹನಿ ನೀರಾವರಿ ನಡೆಯುವುದು ದಿನದಿನದ ಶಿಸ್ತಿನಿಂದ. ಒಂದು ಕವಾಟದ ಕೆಳಗೆ ಹಲವರ ಹೊಲ. ಒಬ್ಬ ಜೋಳ ಬಿತ್ತಿದ್ದಾನೆ, ಇನ್ನೊಬ್ಬನದು ಮೆಣಸಿನಕಾಯಿ, ಮತ್ತೊಬ್ಬ ಹೊಲ ಬೀಳು ಬಿಟ್ಟು ಗೋವೆಗೆ ದುಡಿಯಲು ಹೋಗಿದ್ದಾನೆ. ನೀರು ಯಾವಾಗ, ಎಷ್ಟು ಹೊತ್ತು? ಕುಂಟೆ ಹೊಡೆಯುವಾಗ ಹನಿ ಪೈಪು ಸುತ್ತಿಡುವವರು ಯಾರು, ಇಲಿ ಕಡಿದದ್ದನ್ನು ಜೋಡಿಸುವವರು ಯಾರು, ಸೋಸುವ ಯಂತ್ರ ತೊಳೆಯುವವರು ಯಾರು? ಹಳ್ಳ ಸೇರಿದ ಹುನಗುಂದದ ಮಣ್ಣು ಮಲಪ್ರಭೆಯ ಜೊತೆ ಕೂಡಲಸಂಗಮ ದಾಟಿ ಸೇರುವುದು ನಾರಾಯಣಪುರದ ಹಿನ್ನೀರನ್ನೇ, ಮತ್ತು ಹನಿ ಪೈಪಿನ ತೂತಿಗೆ ಕೆಸರಿಗಿಂತ ದೊಡ್ಡ ವೈರಿ ಇಲ್ಲ. ಯೋಜನೆ ಶುರುವಾದ ಕೆಲವೇ ವರ್ಷಗಳಲ್ಲಿ ಎಷ್ಟೋ ಹೊಲಗಳಲ್ಲಿ ಹನಿ ನೀರು ಬಳಕೆಯಾಗುತ್ತಿಲ್ಲ ಎಂಬ ದೂರುಗಳು ಎದ್ದವು. ಕೊಳವೆ ಹಾಕುವುದಕ್ಕೆ ಕಂಪನಿಗಳಿದ್ದವು, ಕೋಟಿಗಟ್ಟಲೆ ಹಣವಿತ್ತು. ಒಂದು ಕವಾಟದ ಕೆಳಗಿನ ರೈತರನ್ನು ವಾರಕ್ಕೊಮ್ಮೆ ಕೂಡಿಸಿ ಪಾಳಿ ಗೊತ್ತುಮಾಡಿಸುವ, ಬೆಳೆಗೆ ತಕ್ಕ ನೀರಿನ ಲೆಕ್ಕ ಹೇಳುವ ಮನುಷ್ಯರಿಗೂ ಅಷ್ಟೇ ಗಂಭೀರವಾಗಿ ಜಾಗ ಮಾಡಬೇಕಾಗುತ್ತದೆ. ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ (ವಾಲ್ಮಿ) ನೀರು ಬಳಕೆದಾರರ ಸಹಕಾರ ಸಂಘಗಳ ರೈತರಿಗೆ, ಅಧಿಕಾರಿಗಳಿಗೆ ತರಬೇತಿ ಕೊಡುವುದು ಇದೇ ವಿದ್ಯೆಯಲ್ಲಿ. ಇದನ್ನು ಬಲ್ಲ ಪದವೀಧರರಿಗೆ ಮುಂದಿನ ದಿನಗಳಲ್ಲಿ ಕೆಲಸ ಕಡಿಮೆಯಾಗಲಾರದು. ರಾಮಥಾಳದ ಮಾದರಿ ನೋಡಿ ಬೇರೆಡೆಯೂ ಯೋಜನೆಗಳು ಬರುತ್ತಿವೆ.

ಬಾದಾಮಿ ಕಡೆ ಸಮಸ್ಯೆಯ ಮುಖವೇ ಬೇರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ ಚಿತ್ರಗಳನ್ನು ನಾಡೆಲ್ಲ ನೋಡಿದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣ ಅದು. ಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗೆ ಹೊಳೆಗೆ ಹರಿಯಲು ಜಾಗವೇ ಉಳಿದಿರಲಿಲ್ಲ. ನೀರು ಕಡಿಮೆಯಾದ ವರ್ಷಗಳಲ್ಲಿ ಹೊಲಗಳು ನದಿಪಾತ್ರಕ್ಕೇ ಇಳಿದಿದ್ದವು. ಹೊಳೆ ಹಿಂದೆ ಎಷ್ಟು ಅಗಲವಿತ್ತು, ಈಗೆಷ್ಟಿದೆ ಎಂಬುದನ್ನು ಹಳೆಯ ಸರ್ವೆ ನಕ್ಷೆ, ಉಪಗ್ರಹ ಚಿತ್ರ ಎರಡನ್ನೂ ಒಂದರ ಮೇಲೊಂದಿಟ್ಟು ತೋರಿಸುವುದು ಭೂಮಾಹಿತಿ ತಂತ್ರಜ್ಞರ ಕೆಲಸ. ಬೆಂಗಳೂರಿನ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಾಹಿತಿ ತರಿಸಿಕೊಳ್ಳುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥವರನ್ನು ತೆಗೆದುಕೊಳ್ಳುತ್ತವೆ. ಖಾಸಗಿ ಕಂಪನಿಗಳಲ್ಲೂ ಬೇಡಿಕೆಯಿದೆ. ಕೂತಲ್ಲೇ ಮಾಡುವ ಕೆಲಸ ಎನ್ನುವ ಆಕರ್ಷಣೆ ಇದಕ್ಕಿದೆ, ಆದರೆ ಹೊಳೆಯ ದಂಡೆಗೆ ಹೋಗಿ ನೋಡದವರು ಮಾಡಿದ ನಕ್ಷೆ ಹೇಗಿರುತ್ತದೆ ಎಂದು ಗ್ರಾಮಸ್ಥರು ಕ್ಷಣದಲ್ಲಿ ಹೇಳಿಬಿಡುತ್ತಾರೆ.

ಇನ್ನು ಕಲ್ಲು. ಕಲಾದಗಿಯ ಹೆಸರು ಹಲವರಿಗೆ ಚಿಕ್ಕು, ದಾಳಿಂಬೆಯಿಂದ ಗೊತ್ತು. ಭೂವಿಜ್ಞಾನಿಗಳಿಗೆ ಅದು ಕಲಾದಗಿ ಶಿಲಾಸರಣಿಯ ಊರು. ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲೇ ಈ ಸೀಮೆಯ ಬಂಡೆಗಳ ಬಗ್ಗೆ ದೊಡ್ಡ ವರದಿ ಬರೆದಿದ್ದ. ಇಳಕಲ್ಲಿನ ಕೆಂಪು ಗ್ರಾನೈಟ್ ಸೀರೆಯಷ್ಟೇ ದೂರ ಪ್ರಯಾಣ ಮಾಡಿದೆ, ಸಮುದ್ರದಾಚೆಗೂ ಹೋಗಿದೆ. ಒಳ್ಳೆಯ ದಿಮ್ಮಿ ತೆಗೆಯುವಾಗ ಬೀಳುವ ಚೂರುಕಲ್ಲಿನ ರಾಶಿ, ಬಿಟ್ಟುಹೋದ ಗುಂಡಿಗಳು, ಪಾಲಿಶ್ ಮಾಡುವಾಗ ಹರಿಯುವ ಬಿಳಿ ರಾಡಿ ಊರಲ್ಲೇ ಉಳಿಯುತ್ತವೆ. ಗಣಿಗೆ ಪರಿಸರ ಅನುಮತಿ ಪಡೆಯುವ ಪ್ರಕ್ರಿಯೆ 2006ರ ಅಧಿಸೂಚನೆಯಂತೆ ನಡೆಯುತ್ತದೆ. ಪರಿಣಾಮದ ವರದಿ ಬೇಕಾದ ಕಡೆ ಅದನ್ನು ಯಾರೋ ಒಬ್ಬರು ಬರೆದುಕೊಟ್ಟರೆ ಸಾಲದು. ಮಾನ್ಯತೆ ಪಡೆದ ಸಲಹಾ ಸಂಸ್ಥೆಯಲ್ಲಿ ಗಾಳಿ, ನೀರು, ಭೂವಿಜ್ಞಾನ, ಜೀವವೈವಿಧ್ಯ, ಮಣ್ಣು ಸಂರಕ್ಷಣೆ, ಸಮಾಜ ಹೀಗೆ ಕ್ಷೇತ್ರಕ್ಕೊಬ್ಬ ಪರಿಣತರು ಇರಬೇಕು. ಎಂ.ಎಸ್ಸಿ. ಮುಗಿಸಿ ಅಂಥ ಸಂಸ್ಥೆಯಲ್ಲಿ ಕೆಲವು ವರ್ಷ ಪಳಗಿದವರು ತಾವೇ ಪರಿಣತರಾಗಿ ನೋಂದಾಯಿಸಿಕೊಳ್ಳಬಹುದು. ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳಲ್ಲಿ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕೆಂಬ ನಿಯಮವಿದೆ. ಆ ಕನ್ನಡ ಸಾರಾಂಶಗಳನ್ನು ಓದಿದವರಿಗೆ ಗೊತ್ತು, ವಿಷಯವನ್ನೂ ಭಾಷೆಯನ್ನೂ ಬಲ್ಲವರ ಅಭಾವ ಎಷ್ಟಿದೆ ಎಂದು. ಇಳಕಲ್ಲಿನ ಗಣಿಯ ಮಗ್ಗುಲಲ್ಲಿ ಬೆಳೆದು ಭೂವಿಜ್ಞಾನ ಓದಿದವರಿಗೆ ಇದೊಂದು ಸ್ವಂತ ಕಸುಬೇ ಆಗಬಹುದು.

ಕಾಡಿನ ಮಾತು ಇಷ್ಟು ಹೊತ್ತು ಬರಲಿಲ್ಲವೆಂದು ಈ ಜಿಲ್ಲೆಗೆ ಕಾಡುಪ್ರಾಣಿಯೇ ಇಲ್ಲ ಎಂದಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ 96 ಚದರ ಕಿಲೋಮೀಟರಿನಷ್ಟು ಹರಡಿರುವ ಯಡಹಳ್ಳಿ ಚಿಂಕಾರ ವನ್ಯಧಾಮ 2016ರಲ್ಲಿ ಘೋಷಣೆಯಾಯಿತು. ಚಿಂಕಾರಕ್ಕೆಂದೇ ಮೀಸಲಾದ ರಾಜ್ಯದ ಮೊದಲ ತಾಣ ಅದು. ತೀರ ಕಡಿಮೆ ನೀರಿನಲ್ಲಿ ಬದುಕಬಲ್ಲ ಈ ಪುಟ್ಟ ಜಿಂಕೆಗೆ ಬೇಕಾದದ್ದು ಕುರುಚಲು ಗಿಡ, ಹುಲ್ಲು, ಬಯಲು. ಅಂಥ ಮಡ್ಡಿ ಗುಡ್ಡ ಕಂಡರೆ ಕಡತಗಳಲ್ಲಿ ‘ಪಾಳು ಭೂಮಿ’ ಎಂದು ಬರೆಯುವುದು, ಮಳೆಗಾಲ ಬಂದೊಡನೆ ಗುಂಡಿ ತೋಡಿ ನೀಲಗಿರಿಯನ್ನೋ ಅಕೇಶಿಯಾವನ್ನೋ ನೆಡುವುದು ನಮ್ಮ ಹಳೆಯ ಚಾಳಿ. ಶಾಲೆಯ ವನಮಹೋತ್ಸವದಿಂದ ಶುರುವಾಗುವ ಈ ಅಭ್ಯಾಸವನ್ನು ಬಿಡಿಸಲು ನಾಲ್ಕು ವರ್ಷದ ಅರಣ್ಯ ಪದವಿ ಬೇಕಾಗಬಹುದು. ಬಯಲೂ ಒಂದು ಕಾಡಿನಷ್ಟೇ ತುಂಬಿದ ಲೋಕ ಎಂದು ಕಲಿತು ಬಂದ ಅಧಿಕಾರಿಯೇ ಯಡಹಳ್ಳಿಗೆ ಸರಿಯಾದವನು.

ಅರಣ್ಯ ಇಲಾಖೆ ಸೇರುವ ಹಾದಿ ಎಲ್ಲರಿಗೂ ಗೊತ್ತಿರುವುದೇ. ವಲಯ ಅರಣ್ಯಾಧಿಕಾರಿ ಹುದ್ದೆಯ ನೇರ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ಪ್ರತ್ಯೇಕ ಪಾಲಿದೆ. ಆ ಪಾಲು ಎಷ್ಟಿರಬೇಕು ಎಂಬ ಬಗ್ಗೆ ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ಭಾರತೀಯ ಅರಣ್ಯ ಸೇವೆಗೆ ಯುಪಿಎಸ್‌ಸಿ ಪರೀಕ್ಷೆ. ಅದಕ್ಕೆ ಕೃಷಿ, ಭೂವಿಜ್ಞಾನ, ಪ್ರಾಣಿಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಕೂರಬಹುದು. ಬುದ್ಧಿ ಪರೀಕ್ಷೆ ಮುಗಿದ ಮೇಲೆ ಕಾಲಿನ ಪರೀಕ್ಷೆಯೂ ಇದೆ: ನಾಲ್ಕು ತಾಸಿನಲ್ಲಿ ಗಂಡಸರು 25 ಕಿಲೋಮೀಟರ್, ಹೆಂಗಸರು 14 ಕಿಲೋಮೀಟರ್ ನಡೆಯಬೇಕು. ಬನಶಂಕರಿ ಜಾತ್ರೆಗೆ ನಡೆದೇ ಹೋಗುವ ಮನೆಗಳ ಮಕ್ಕಳಿಗೆ ಇದು ಅಷ್ಟೇನೂ ಭಾರವಲ್ಲ.

ಹುದ್ದೆಗಳು ಮಾತ್ರ ವರ್ಷ ವರ್ಷ ಬರುವುದಿಲ್ಲ. ಒಂದು ಅಧಿಸೂಚನೆಗಾಗಿ ಧಾರವಾಡದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಜಲಾನಯನ ತಂಡಗಳ ಕೆಲಸ ಹೆಚ್ಚಾಗಿ ಗುತ್ತಿಗೆಯದು, ಯೋಜನೆ ಮುಗಿದಂದು ನೌಕರಿಯೂ ಮುಗಿಯಿತು. ಸಂಸ್ಥೆಗಳ ಸಂಬಳ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಒಡ್ಡು ಹಾಕಿ ಅದು ಮಣ್ಣು ಹಿಡಿದು ಹೊಲ ಸಮನಾಗಲು ಹತ್ತು ವರ್ಷ ಬೇಕು. ಅದನ್ನು ನೋಡಿಕೊಳ್ಳಬೇಕಾದವನ ಗುತ್ತಿಗೆ ಮಾತ್ರ ಹನ್ನೊಂದು ತಿಂಗಳದು. ಈ ವಿಷಯ ಓದಬೇಕೆಂದು ಮಕ್ಕಳಿಗೆ ಹೇಳುವ ಮೇಷ್ಟರು ಇದನ್ನೂ ಮುಚ್ಚಿಡದೆ ಹೇಳಬೇಕು. ಕೃಷಿ ಅಧಿಕಾರಿ ಹುದ್ದೆ, ನಬಾರ್ಡ್ ಮತ್ತು ಇತರ ಬ್ಯಾಂಕುಗಳ ಅಧಿಕಾರಿ ಹುದ್ದೆ, ಹನಿ ನೀರಾವರಿ ಕಂಪನಿಗಳು ಈ ಪದವೀಧರರನ್ನು ಒಳಗೆ ತೆಗೆದುಕೊಳ್ಳುತ್ತವೆ ಎಂಬುದು ಒಂದು ಸಮಾಧಾನ. ಓದು ಮುಂದುವರಿಸುವವರಿಗೆ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆ, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಗಳಿವೆ. ಎರಡೂ 1982ರಲ್ಲಿ ಹುಟ್ಟಿದವು.

ಒಳಗೆ ಹೋಗುವ ಬಾಗಿಲು ಸಿಇಟಿ. ಕೃಷಿ, ತೋಟಗಾರಿಕೆ, ಅರಣ್ಯ, ಕೃಷಿ ಎಂಜಿನಿಯರಿಂಗ್ ಪದವಿಗಳ ಸೀಟುಗಳಲ್ಲಿ ರೈತರ ಮಕ್ಕಳಿಗೆ ದೊಡ್ಡ ಪಾಲು ಮೀಸಲಿದೆ, ಆದರೆ ಆ ಪಾಲಿಗೆ ಲಿಖಿತ ಅಂಕ ಸಾಲದು. ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಮೇಜಿನ ಮೇಲೆ ತಟ್ಟೆಗಳಲ್ಲಿ ಬೀಜಗಳು, ಪಕ್ಕದಲ್ಲಿ ಒಕ್ಕಲುತನದ ಸಾಮಾನು, ಗೊಬ್ಬರ, ಎಲೆ, ಕೊಂಬೆ. ಯಾವುದು ಏನೆಂದು ಗುರುತಿಸಬೇಕು. ಕುಸುಬಿಯ ಬೀಜಕ್ಕೂ ಸೂರ್ಯಕಾಂತಿಯದಕ್ಕೂ ವ್ಯತ್ಯಾಸ ತಿಳಿಯದೆ ಬೆವರುವವರಲ್ಲಿ ಪಹಣಿ ಮಾತ್ರ ಉಳಿಸಿಕೊಂಡು ಊರು ಬಿಟ್ಟ ಮನೆಗಳ ಮಕ್ಕಳು ಹೆಚ್ಚು. ಹಿಂಗಾರಿಯಲ್ಲಿ ಅಪ್ಪನ ಜೊತೆ ಕೂರಿಗೆ ಹಿಂದೆ ನಡೆದವರು ಐದು ನಿಮಿಷದಲ್ಲಿ ಮುಗಿಸಿ ಹೊರಬರುತ್ತಾರೆ. ಆ ಕೋಟಾಕ್ಕೆ ಬೇಕಾದ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಪಡೆಯಬೇಕು. ಸಿಇಟಿ ಅರ್ಜಿ ತುಂಬುವ ಕಾಲಕ್ಕೆ ನಾಡಕಚೇರಿಗಳಲ್ಲಿ ನೂಕುನುಗ್ಗಲು ಇರುವುದರಿಂದ, ದ್ವಿತೀಯ ಪಿಯುಸಿ ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿಡುವುದು ಒಳಿತು.